ಮೋಡದಾಗ ಮೀಟರ್ ಸುಳ್ಳ ಹೇಳಿದ್ರ ಯಾವ್ದನ್ನ ನಂಬೋದು? (ಸಣ್ಣ ವಿಮಾನ, ಸ್ವಲ್ಪ ಉದ್ದ ಐತಿ ಓದ್ರಿ)

ಗೋಕುಲರೋಡ್_ಹುಡುಗ · ಶುಕ್ರವಾರ ರಾತ್ರಿ 9:40

ಎಲ್ಲಾರಿಗೂ ನಮಸ್ಕಾರ್ರೀ. ನಾನು ಹುಬ್ಬಳ್ಳಿಯಾಂವ, ಏರ್‌ಪೋರ್ಟ್ ಕಂಪೌಂಡಿಗೆ ಜೋತು ಬಿದ್ದು ವಿಮಾನ ನೋಡ್ಕೋತ ಬೆಳದಾಂವ, ಈಗ ಒಂದು ಫ್ಲೈಯಿಂಗ್ ಸ್ಕೂಲಿನಾಗ ಕಮರ್ಷಿಯಲ್ ಲೈಸೆನ್ಸ್ ಮಾಡಾಕತ್ತೇನಿ, 200 ತಾಸಿನಾಗ 140 ಮುಗದಾವ. ಯಾವ ಸ್ಕೂಲು ಯಾವ ಊರು ಕೇಳಬ್ಯಾಡ್ರಿ, ಹೇಳಂಗಿಲ್ಲ. ಪಂಚಮಿಗೆ ರಜಾ ಹಾಕಿ ಮನಿಗೆ ಬಂದೇನಿ, ಅವ್ವ ಉಂಡಿ ಕಟ್ಟಾಕತ್ತಾಳ, ನನಗ ಮಾತ್ರ ಹೋದ ವಾರದ್ದು ತಲ್ಯಾಗಿಂದ ಹೋಗವಲ್ದು.

ಆಗಿದ್ದೇನಂದ್ರ, ಸೆಸ್ನಾ 172, ಹಳೇ ಥರದ ಆರು ಗಡಿಯಾರದ ಪ್ಯಾನಲ್. ನನಗ ಹುಡ್ ಹಾಕಿದ್ರು, ಅಂದ್ರ ಟಾಂಗಾ ಕುದುರಿಗೆ ಕಣ್ಣಪಟ್ಟಿ ಕಟ್ಟಿದಂಗ, ಹೊರಗಿಂದು ಏನೂ ಕಾಣಂಗಿಲ್ಲ, ಬರೇ ಮೀಟರ್ ನೋಡಿ ಹಾರಿಸ್ಬೇಕು. ಪಕ್ಕದಾಗ ಇನ್‌ಸ್ಟ್ರಕ್ಟರ್ ಸರ್. 5500 ಅಡಿ, 100 ನಾಟ್, ನೆಟ್ಟಗ ಹೊಂಟೇವಿ. ಹೊರೈಜನ್ ಮೀಟರ್ (ವಿಮಾನ ಎಷ್ಟ ವಾಲೈತಿ ತೋರಸೂದು) ಒಂದಿಷ್ಟ ಬಲಕ್ಕ ವಾಲಿದಂಗ ತೋರಿಸ್ತು, ನಾನು ಎಡಕ್ಕ ತಿದ್ದಿದ್ನಿ. ಮತ್ತ ಬಲಕ್ಕ ಅಂತು, ಮತ್ತ ಎಡಕ್ಕ ತಿದ್ದಿದ್ನಿ. ಮೈಗೆ ಏನೂ ಗೊತ್ತಾಗ್ಲಿಲ್ಲ, ಕುಂಡಿ ಕೆಳಗ ಸೀಟ್ ನೆಟ್ಟಗ ಐತಿ ಅನ್ನಿಸ್ತಿತ್ತು. ಆಮ್ಯಾಲ ಆಲ್ಟಿಮೀಟರ್ (ಎತ್ತರದ ಮೀಟರ್) ಇಳ್ಯಾಕತ್ತು, ನಾನು ಮೂಗು ಎತ್ತಾಕ ಯೋಕ್ (ವಿಮಾನದ ಹ್ಯಾಂಡಲ್) ಎಳದ್ನಿ, ಮತ್ತ ಇಳೀತು, ಮತ್ತ ಎಳದ್ನಿ, ಏರ್‌ಸ್ಪೀಡ್ ನೋಡಿದ್ರ 130. ಸರ್ ಗಪ್ಪನ ಕೂತು ನೋಡಾಕತ್ತಿದ್ರಂತ, ಅವಾಗ ಕಂಟ್ರೋಲ್ ತಗೊಂಡು ‘ಹುಡ್ ತಗಿ’ ಅಂದ್ರು. ತಗದು ನೋಡಿದ್ರ ಎಡಗಿಟಕಿ ತುಂಬ ಹೊಲ! ಆಕಾಶ ಇಲ್ಲೇ ಇಲ್ಲ.

ಹೊರೈಜನ್ ನಡಸೂ ವ್ಯಾಕ್ಯೂಮ್ ಪಂಪ್ ಸತ್ತಿತ್ತು. ಸಕ್ಷನ್ ಗೇಜ್ ಸೊನ್ನಿ. 600 ಅಡಿ ಕಳಕೊಂಡಿದ್ವಿ. ಖರೇ ಮೋಡದಾಗ ಒಬ್ಬನ ಇದ್ದಿದ್ರ ಇವತ್ತು ನನ್ನ ಫೋಟೋಕ್ಕ ಮಾಲಿ ಬೀಳ್ತಿತ್ತು.

ಓದಿದ್ದೆಲ್ಲಾ ಓದೇನಿ, ಪರೀಕ್ಷಾದಾಗ ಬರದೇನಿ ಸೈತ. ನನ್ನ ಪ್ರಶ್ನೆ ಇಷ್ಟ, ಮೀಟರ್ ನಂಬು ಮೈ ನಂಬಬ್ಯಾಡ ಅಂತ ಮೊದಲ್ನೇ ದಿನದಿಂದ ಹೇಳ್ತಾರ, ಆ ಮೀಟರ್ರ ಸುಳ್ಳ ಹೇಳಿದ್ರ?

ಸಪ್ತಾಪುರ_ಸಿಮ್ · 9:58

ಯಪ್ಪಾ. ನಾನು ಧಾರವಾಡದಾಗ ಇಂಜಿನಿಯರಿಂಗ್ ಓದ್ಲಿಕತ್ತೀನಿ, ಕಂಪ್ಯೂಟರ್‌ನಾಗ ಅಷ್ಟ ಹಾರಸ್ತೀನಿ. ಒಂದು ದಡ್ಡ ಪ್ರಶ್ನೆ, ಬೈಬ್ಯಾಡ್ರಿ. ಅಷ್ಟು ವಾಲಿದ್ರ ಮೈಗೆ ಹೆಂಗ ಗೊತ್ತಾಗೂದಿಲ್ಲ? ಬಸ್ಸು ಕೆಲಗೇರಿ ಹತ್ರ ತಿರುಗಿದ್ರ ನಿದ್ದಿಗಣ್ಣಾಗ ಗೊತ್ತಾಗ್ತದ ನನಗ.

ಹಾವೇರಿ_ಗೌಂಡಿ · 10:05

ನಂದೂ ಒಂದು. ನಾವು ಗ್ವಾಡಿ ಕಟ್ಟೂವಾಗ ದಾರಕ್ಕ ಗುಂಡು ಕಟ್ಟಿ ಬಿಡ್ತೇವಿ, ಭೂಮಿ ಎಲ್ಲೈತಿ ಅಂತ ಅದು ಸುಳ್ಳ ಹೇಳಂಗಿಲ್ಲ. ವಿಮಾನದಾಗ ಒಂದು ಗುಂಡು ತೂಗಬಿಟ್ರ ಆತಲ್ರಿ, ಪಂಪ್ಯಾಕ ಕರೆಂಟ್ಯಾಕ?

ಜಿಪಿಎಸ್_ಐತೆಲ್ಲೋ · 10:11

ಯಾವ ಕಾಲದಾಗ ಅದೀರಿ? ಟ್ಯಾಬ್ ಇಟ್ಗೊಳ್ರಿ, ಎಲ್ಲಾ ಅದರಾಗ ಬರ್ತೈತಿ. 1960ರ ಗಡಿಯಾರ ಹಿಡ್ಕೊಂಡು ಅಳೂದು ಬಿಡ್ರಿ.

ಗದಗ_ಇನ್‌ಸ್ಟ್ರುಮೆಂಟ್‌ಕಾಕಾ · 10:52

ತಮ್ಮಾ ಮೊದ್ಲು ಗೌಂಡಿ ಅಣ್ಣಗ ಹೇಳ್ತೇನಿ, ಯಾಕಂದ್ರ ಅವ ಕೇಳಿದ್ದು ದಡ್ಡ ಪ್ರಶ್ನೆ ಅಲ್ಲ, ಇಡೀ ವಿಷಯದ ಬೇರು ಅದರಾಗ ಐತಿ. ನಾನು ಏರ್‌ಫೋರ್ಸ್‌ನಾಗ ಇನ್‌ಸ್ಟ್ರುಮೆಂಟ್ ಫಿಟ್ಟರ್ ಇದ್ದಾಂವ, ಈಗ ರಿಟೈರ್ ಆಗಿ ಗದಗಿನಾಗ ಮೊಮ್ಮಕ್ಕಳ ಸೈಕಲ್ ರಿಪೇರಿ ಮಾಡ್ಕೋತ ಕುಂತೇನಿ.

ಗೌಂಡಿ ಗುಂಡು ಭೂಮಿ ಕಡೆ ಯಾಕ ತೋರಸ್ತೈತಿ? ಗ್ವಾಡಿ ಓಡಾಡಂಗಿಲ್ಲ, ಅದಕ್ಕ. ಹಗ್ಗಕ್ಕ ಚರಿಗಿ ಕಟ್ಟಿ ನೀರು ತುಂಬಿ ಗರಗರ ತಿರುವಿದ್ರ ಚರಿಗಿ ಬೋರಲಾದ್ರೂ ನೀರು ಚೆಲ್ಲಂಗಿಲ್ಲ ಹೌದಿಲ್ಲೋ, ನೀರಿಗೆ ಚರಿಗಿ ತಳಾನ ಭೂಮಿ. ವಿಮಾನ ಬರೋಬ್ಬರಿ ವಾಲಿ ಬರೋಬ್ಬರಿ ತಿರುಗಿದ್ರ ಹಂಗ, ಗುಂಡು ವಿಮಾನದ ತಳದ ಕಡೇನ ನೆಟ್ಟಗ ನಿಲ್ತೈತಿ, ವಿಮಾನ 30 ಡಿಗ್ರಿ ವಾಲಿರ್ಲಿ 45 ವಾಲಿರ್ಲಿ. ಮನಷ್ಯಾನ ಕುಂಡಿನೂ ಒಂದು ಗುಂಡ ಇದ್ದಂಗ. ಹುಡುಗ ಸೀಟ್ ನೆಟ್ಟಗ ಐತಿ ಅನ್ನಿಸ್ತು ಅಂದನಲ್ಲ, ಅದ ಇದು. ಕಿವಿಯೊಳಗ ನೀರಿನ ನಳಿಗಿ ಅದಾವ, ತಿರುಗೂದು ಶುರು ಆದಾಗ ಹೇಳ್ತಾವ, ಒಂದ ವೇಗದಾಗ ತಿರುಗ್ಕೋತ ಹ್ವಾದ್ರ ಸ್ವಲ್ಪ ಹೊತ್ತಿಗೆ ಗಪ್ಪ ಆಗ್ತಾವ. ಸಾವಕಾಶ ವಾಲಿದ್ರ ಶುರು ಆಗಿದ್ದೂ ಹೇಳಂಗಿಲ್ಲ.

ಅದಕ್ಕ ಗೈರೋ ಬೇಕು. ಗೈರೋ ಅಂದ್ರ ಬುಗುರಿ. ಜೋರ್ ತಿರುಗೂ ಬುಗುರಿ ತನ್ನ ದಿಕ್ಕು ಬಿಡಂಗಿಲ್ಲ, ಸುತ್ತ ಏನರ ಆಗಲಿ. ಹೊರೈಜನ್‌ನಾಗಿನ ಬುಗುರಿ ನಿಮಿಷಕ್ಕ 10 ಸಾವಿರದ ಮ್ಯಾಲ ಸುತ್ತತೈತಿ, ಅದನ್ನ ಸುತ್ತಸಾಕ ಇಂಜಿನ್‌ಗೆ ಜೋಡಿಸಿದ ಪಂಪ್ ಗಾಳಿ ಜಗ್ಗತೈತಿ. ಈ ಪಂಪ್ ಒಳಗ ಕಾರ್ಬನ್ ಪಟ್ಟಿ ಅದಾವ, ಎಣ್ಣಿ ಇಲ್ಲ, ತಾವ ಸವಕೊಂಡು ಆ ಪುಡಿನ ಎಣ್ಣಿ ಆಗ್ತೈತಿ. ಸವದು ಸವದು ಒಂದಿನ ಪಟ್ನ ಮುರೀತಾವ, ಮುನ್ಸೂಚನೆ ಗಿನ್ಸೂಚನೆ ಏನಿಲ್ಲ. ಇಂಜಿನ್ನಿಗೆ ಪೆಟ್ಟು ಬೀಳಬಾರ್ದಂತ ನಡುವ ಒಂದು ಸಣ್ಣ ಕಪ್ಲಿಂಗ್ ಬೇಕಂತನ ಮೆತ್ತಗಂದು ಇಟ್ಟಿರ್ತಾರ, ಅದು ಕಟ್ ಆಕೈತಿ, ಕಥಿ ಮುಗೀತು.

ಖರೇ ಹೆದ್ರಿಕಿ ಅದಲ್ಲ. ಪಂಪ್ ಸತ್ತ ಕೂಡ್ಲೆ ಬುಗುರಿ ನಿಲ್ಲಂಗಿಲ್ಲಪಾ. ಮೆಲ್ಲಕ ವೇಗ ಕಳಕೊಂತ ತೂಗಾಡಕೋತ ನಾಕಾರು ನಿಮಿಷ ಹೋಗ್ತೈತಿ. ಆ ನಾಕಾರು ನಿಮಿಷ ಮೀಟರ್ ಸತ್ತೂ ಇರಂಗಿಲ್ಲ, ಬದುಕಿಯೂ ಇರಂಗಿಲ್ಲ. ಒಮ್ಮೆಲೆ ಅಡ್ಡ ಬಿದ್ರ ಯಾರರ ನಂಬ್ತಿದ್ರೇನು? ಒಂದಿಷ್ಟ ವಾಲಿದ್ದಕ್ಕ ನೀ ನಂಬಿದಿ.

ಹಾವೇರಿ_ಗೌಂಡಿ · 10:59

ಚರಿಗಿ ಮಾತು ಹೇಳಿದ್ರಲ್ಲ ಕಾಕಾರ, ತಲಿಗಿ ಹೊಕ್ತು. ಗುಂಡು ವಾಪಸ್ ತಗೊಂಡ್ನಿ.

ಸಪ್ತಾಪುರ_ಸಿಮ್ · 11:30

ಈಗಷ್ಟ ರೂಮಿನಾಗ ಪ್ರಯೋಗ ಮಾಡಿದ್ವಿ. ರೂಮ್‌ಮೇಟ್‌ನ ತಿರುಗೋ ಕುರ್ಚಿ ಮ್ಯಾಲ ಕೂಡಿಸಿ ಕಣ್ಣಿಗೆ ಟವೆಲ್ ಕಟ್ಟಿ ಒಂದ ವೇಗದಾಗ ಸಾವಕಾಶ ತಿರುಗಿಸ್ದೆ. ಎಡಕ್ಕ ಎಡಕ್ಕ ಅಂತಿದ್ದಾಂವ ಸ್ವಲ್ಪ ಹೊತ್ತಿಗೆ ‘ನಿಂತು’ ಅಂದ, ನಾ ತಿರುಗಸ್ಲಿಕತ್ತೇ ಇದ್ದೆ! ನಿಲ್ಲಿಸಿದ್ರ ‘ಈಗ ಬಲಕ್ಕ ಯಾಕ ತಿರುವ್ತಿ ಲೇ’ ಅಂತಾನ. ಬಾಗಲ್ದಾಗ ನಿಂತ ಮಂದಿ ನಕ್ಕು ನಕ್ಕು ಸತ್ರು. ಆಮ್ಯಾಲ ನನ್ನ ಕೂಡಿಸಿದ್ರು, ನಾನೂ ಅದನ್ನ ಹೇಳಿದ್ನಂತ, ರೆಕಾರ್ಡಿಂಗ್ ನೋಡಿದ ಮ್ಯಾಲೆ ನಗು ಬರ್ಲಿಲ್ಲ.

ಎಟಿಆರ್_ಅಕ್ಕ · ಶನಿವಾರ ಬೆಳಿಗ್ಗೆ 6:15

ಡ್ಯೂಟಿಗೆ ಹೋಗೋ ಮುಂಚೆ ಓದಿದೆ. ಕಾಕಾರು ಹೇಳಿದ್ದು ಬರೋಬ್ಬರಿ ಅದ. ಕುರ್ಚಿ ಪ್ರಯೋಗ ಮಾಡಿದ ತಮ್ಮಗ ಒಂದು ಹಳೇ ಲೆಕ್ಕ ಹೇಳ್ತೀನಿ. 1954ರಾಗ ಅಮೆರಿಕಾದ ಇಲಿನಾಯ್ ಯೂನಿವರ್ಸಿಟಿಯೊಳಗ ಮೀಟರ್ ಮ್ಯಾಲೆ ಹಾರಿಸೋ ತರಬೇತಿ ಇಲ್ಲದ 20 ಪೈಲಟ್‌ಗಳಿಗೆ ಹೊರಗಿಂದು ಕಾಣದಂಗ ಮಾಡಿ ಹಾರಿಸ್ಲಿಕ್ಕೆ ಕೊಟ್ಟಿದ್ರು. 20ಕ್ಕ 20ಮಂದೀನೂ ಕೈತಪ್ಪಿಸಿಕೊಂಡ್ರು, ಸರಾಸರಿ 178 ಸೆಕೆಂಡ್. ಮೂರು ನಿಮಿಷಾನೂ ಇಲ್ಲ. 19 ಮಂದಿ ಬಿದ್ದಿದ್ದು ಹುಡುಗ ಬಿದ್ದಂಥ ಸುತ್ತಿನಾಗನ, ವಾಲೋದು, ಮೂಗು ಇಳಿಯೋದು, ಗಾಬರಿಯಿಂದ ಎಳಿಯೋದು, ಎಳದಷ್ಟು ಸುತ್ತು ಬಿಗಿ ಆಗೋದು.

ಹುಡುಗಾ, ನೀ ಮಾಡಿದ ತಪ್ಪಿನಾಗ ಮೊದಲ್ನೇದು ಹೊರೈಜನ್ ನಂಬಿದ್ದಲ್ಲ, ಅದು ಯಾರಿಗಾದ್ರೂ ಆಗ್ತದ. ಸ್ಪೀಡ್ ಏರ್ಲಿಕತ್ತದ, ಎತ್ತರ ಇಳೀಲಿಕತ್ತದ, ಅವಾಗ ರೆಕ್ಕಿ ನೆಟ್ಟಗ ಮಾಡದ ಎಳದಿ ನೋಡು, ಅದು. ಮೊದ್ಲು ಪವರ್ ಕಡಿಮಿ, ಆಮ್ಯಾಲೆ ಟರ್ನ್ ಕೋಆರ್ಡಿನೇಟರ್ (ಯಾವ ಕಡೆ ಎಷ್ಟು ಜೋರ್ ತಿರುಗ್ಲಿಕತ್ತದ ತೋರಿಸೋ ಮೀಟರ್) ನೋಡಿ ರೆಕ್ಕಿ ನೆಟ್ಟಗ, ಆಮ್ಯಾಲೆ ಮೆತ್ತಗ ಮೂಗು ಮ್ಯಾಲೆ. ಈ ಸಾಲು ಹಲ್ಲುಜ್ಜಿದಷ್ಟು ರೂಢಿ ಆಗ್ಬೇಕು. ಉಳದಿದ್ದು ಸಂಜಿಗೆ ಬರೀತೀನಿ.

ಗೋಕುಲರೋಡ್_ಹುಡುಗ · 7:20

ಅಕ್ಕಾರ ಖರೇ. ಟರ್ನ್ ಕೋಆರ್ಡಿನೇಟರ್ ಎಡಕ್ಕ ಪೂರ್ತಿ ವಾಲಿತ್ತು, ಸರ್ ಆಮ್ಯಾಲ ಹೇಳಿದ್ರು. ನಾ ಅದರ ಕಡೆ ನೋಡೇ ಇಲ್ಲ. ಹೊರೈಜನ್ ದೊಡ್ಡದು, ನಡುವ ಕುಂತೈತಿ, ಕಣ್ಣು ಅಲ್ಲೇ ಅಂಟಿಬಿಡ್ತಾವ. ಮತ್ತೊಂದು, ಅದರ ಕೆಳಗಿನ ದಿಕ್ಕಿನ ಮೀಟರ್ ಭಾಳ ಅಲಗಾಡಿರ್ಲಿಲ್ಲ, ಅದಕ್ಕ ಇನ್ನಷ್ಟು ಧೈರ್ಯ ಬಂತು.

ಗದಗ_ಇನ್‌ಸ್ಟ್ರುಮೆಂಟ್‌ಕಾಕಾ · 8:45

ಇಲ್ಲಿ ಸಿಕ್ಕಿ ನೋಡು! ನೀ ಕೇಳಿದ ಪ್ರಶ್ನೆಕ್ಕ ಉತ್ತರ ಇಲ್ಲೈತಿ.

ನಮ್ಮೂರಾಗ ಹೊಲದ ಬದುವಿನ ಜಗಳ ಬಂತಂದ್ರ ಪಂಚರು ಏನ್ ಕೇಳ್ತಾರ? ಸಾಕ್ಷಿ ಎಷ್ಟ ಮಂದಿ ಅಂತ ಕೇಳಂಗಿಲ್ಲ, ಸಾಕ್ಷಿ ಯಾರ ಮನಿಯಾವ್ರು ಅಂತ ಕೇಳ್ತಾರ. ಅಣ್ಣ ತಮ್ಮ ಇಬ್ರೂ ಬಂದು ಹೇಳಿದ್ರ ಅದು ಎರಡು ಸಾಕ್ಷಿ ಅಲ್ಲ, ಒಂದ. ನಿನ್ನ ಹೊರೈಜನ್ನೂ ದಿಕ್ಕಿನ ಮೀಟರ್ರೂ ಅಣ್ಣ ತಮ್ಮ, ಇಬ್ರೂ ಒಂದ ಪಂಪಿನ ಗಾಳಿ ಕುಡದು ಬದುಕಾವ್ರು. ಟರ್ನ್ ಕೋಆರ್ಡಿನೇಟರ್ ಕರೆಂಟಿನ ಮನಿಯಾಂವ. ಏರ್‌ಸ್ಪೀಡು, ಆಲ್ಟಿಮೀಟರು, ವಿಎಸ್ಐ (ಏರೂ ಇಳಿಯೂ ವೇಗ ತೋರಸೂದು) ಈ ಮೂರು ಹೊರಗಿನ ಗಾಳಿ ಒತ್ತಡದ ಮನಿಯಾವ್ರು. ದಿಕ್ಸೂಚಿ ಯಾರ ಮನಿಗೂ ಸೇರದ ಸನ್ಯಾಸಿ, ಭೂಮಿ ಒಂದ ಅವಂಗ ದಿಕ್ಕು. ಅನುಮಾನ ಬಂದಾಗ ಬ್ಯಾರೆ ಬ್ಯಾರೆ ಮನಿಯಾವ್ರನ್ನ ಕೇಳಬೇಕು. ಅವತ್ತು ಕರೆಂಟಿನ ಮನಿ ‘ಎಡಕ್ಕ’ ಅಂತಿತ್ತು, ಗಾಳಿ ಮನಿ ‘ಕೆಳಗ’ ಅಂತಿತ್ತು, ನೀ ಪಂಪಿನ ಮನಿಯಾವ್ರ ಮಾತು ಕೇಳ್ಕೋತ ಕುಂತಿದ್ದಿ.

ಮೀಟರ್ ನಂಬು ಅಂತ ಹೇಳೂದು ತಪ್ಪಲ್ಲ, ಅರ್ಧ ಅಷ್ಟ. ಯಾವ ಮೀಟರ್ ಎಲ್ಲಿ ಉಣ್ತೈತಿ ಅನ್ನೂದು ಗೊತ್ತಿರ್ಬೇಕು.

ಇದು ಸಣ್ಣ ವಿಮಾನದ ಕಥಿ ಅಷ್ಟ ಅಲ್ಲ ತಮ್ಮಾ. 1978 ಜನವರಿ 1ಕ್ಕ ಬಾಂಬೆದಿಂದ ದುಬೈಗೆ ಹೊಂಟ ಏರ್ ಇಂಡಿಯಾ 855, ‘ಎಂಪರರ್ ಅಶೋಕ’ ಅನ್ನೂ ಜಂಬೋ. ರಾತ್ರಿ, ಮುಂದ ಬರೇ ಕತ್ತಲ ಸಮುದ್ರ. ಕ್ಯಾಪ್ಟನ್ನರ ಮುಂದಿನ ಹೊರೈಜನ್ ಬಲಕ್ಕ ವಾಲಿದಂಗ ನಿಂತಬಿಡ್ತು, ಅವ್ರು ಎಡಕ್ಕ ಎಡಕ್ಕ ತಿದ್ದಿದ್ರು. ಬಾಂದ್ರಾದ ಎದುರಿನ ಸಮುದ್ರಕ್ಕ ಬಿತ್ತು, 213 ಮಂದಿ. ಹಿಂದ ಕುಂತ ಫ್ಲೈಟ್ ಇಂಜಿನಿಯರ್ ಅದನ್ನ ನೋಡಬ್ಯಾಡ್ರಿ ಅಂತ ಎಚ್ಚರಿಸಿದ್ದು ರೆಕಾರ್ಡಿನಾಗ ಐತಿ, ಅಷ್ಟರಾಗ ಹೊತ್ತು ಮೀರಿತ್ತು. ನಾ ಫಿಟ್ಟರ್ ಆಗಿ ಸೇರಿದಾಗ ಹೊರೈಜನ್ ಬಿಚ್ಚಿಟ್ಟ ಬೆಂಚಿನ ಮುಂದ ನಿಲ್ಲಿಸಿ ನಮ್ಮ ಸಾರ್ಜೆಂಟ್ ಇದ ಕಥಿ ಹೇಳಿದ್ರು.

ಜಿಪಿಎಸ್_ಐತೆಲ್ಲೋ · 9:10

ಅದ ನಾ ಹೇಳಿದ್ದು, ಗ್ಲಾಸ್ ಕಾಕ್‌ಪಿಟ್ (ಗಡಿಯಾರದ ಬದ್ಲಿ ಸ್ಕ್ರೀನ್) ತಗೊಳ್ರಿ, ಬುಗುರಿ ಪಂಪ್ ಯಾವ್ದೂ ಇಲ್ಲ.

ಎಟಿಆರ್_ಅಕ್ಕ · ಸಂಜೆ 6:50

ಜಿಪಿಎಸ್ ಅಣ್ಣಾ, ನೀವು ಅರ್ಧ ಖರೇ. ಜಿ1000 ಥರದ ಸ್ಕ್ರೀನ್‌ದಾಗ ಸೆನ್ಸರ್ ಕೆಟ್ರ ಹೊರೈಜನ್ ಜಾಗಾದಾಗ ದೊಡ್ಡ ಕೆಂಪು ಕಾಟು ಬೀಳ್ತದ. ನಾ ಸತ್ತೀನಿ ಅಂತ ಹೇಳಿ ಸಾಯ್ತದ, ಅದು ದೊಡ್ಡ ಗುಣ. ಆದ್ರ ಟ್ಯಾಬ್, ಮೊಬೈಲ್ ಇಟ್ಗೊಂಡು ಅದರ ಸೆನ್ಸರ್ ನಂಬಿ ಮೋಡದಾಗ ಹೋಗ್ತೀನಿ ಅನ್ನೋದು ಬ್ಯಾಡ, ಬರೇ ಫೋನಿನ ಲೆವೆಲ್ ಆಪ್ ಅಂದ್ರ ಗೌಂಡಿ ಅಣ್ಣನ ಗುಂಡೇ, ತಿರುಗುವಾಗ ಮೋಸ ಹೋಗ್ತದ. ಮತ್ತ ಆ ಗ್ಲಾಸ್ ಎಲ್ಲಾ ಕರೆಂಟಿನ ಒಂದ ಮನಿ. ಕರೆಂಟ್ ಹುಟ್ಟಿಸೋ ಆಲ್ಟರ್ನೇಟರ್ ಹೋದ್ರ?

ನನಗ ಅದ ಆಗಿತ್ತು, ಟ್ರೇನಿಂಗ್ ದಿನದಾಗ, ಒಬ್ಬಾಕಿನ ಇದ್ದೆ. ಲೋ ವೋಲ್ಟೇಜ್ ದೀಪ ಹತ್ತಿತು. ಆರಿಸಿ ಹಾಕಿ ನೋಡ್ದೆ, ಬರ್ಲಿಲ್ಲ. ಇಂಜಿನ್ ನಿಲ್ಲೂದಿಲ್ಲ, ಅದಕ್ಕ ಮ್ಯಾಗ್ನೆಟೋ ತನ್ನ ಕಿಡಿ ತಾನ ಹುಟ್ಟಿಸ್ಕೋತದ, ಇದು ಗೊತ್ತಿದ್ರೂ ಎದಿ ಡವಡವ ಅಂತಿತ್ತು. ಉಳದಿದ್ದೆಲ್ಲಾ ಬ್ಯಾಟರಿ ಮ್ಯಾಲೆ. ಛಲೋ ಬ್ಯಾಟರಿ, ಅನವಶ್ಯಕ ಎಲ್ಲಾ ಬಂದ್ ಮಾಡಿದ್ರ ಅರ್ಧ ತಾಸು ಅಂತ ಪುಸ್ತಕ ಹೇಳ್ತಾವ, ನನ್ನ ವಿಮಾನದ ಬ್ಯಾಟರಿ ಎಷ್ಟು ಮುದಿ ಇತ್ತು ದೇವರಿಗೇ ಗೊತ್ತು. ಲೈಟ್ ಬಂದ್, ಎರಡನೇ ರೇಡಿಯೋ ಬಂದ್, ವೇಗ ಅಳಿಯೋ ಪಿಟೋ ನಳಿಗಿಯ ಹೀಟರ್ ಬಂದ್ (ಬಿಸಿಲಿತ್ತು, ಮೋಡದಾಗ ಇದ್ದಿದ್ರ ಅದೊಂದು ಯೋಚನಿ ಮಾಡೂ ಮಾತು).

ಇಷ್ಟೆಲ್ಲಾ ಎರಡು ನಿಮಿಷದಾಗ ಮಾಡ್ದೆ. ಟವರ್‌ಗೆ ಹೇಳ್ಲಿಕ್ಕೆ ಮಾತ್ರ ಇನ್ನೂ ಐದು ನಿಮಿಷ ತಗೊಂಡೆ. ಯಾಕ ಗೊತ್ತೇನು? ನಾಚಿಕಿ. ಹುಡುಗಿ ಹೆದ್ರಿಕೊಂಡ್ಳು ಅಂತಾರ, ಆಮ್ಯಾಲೆ ಕಾಗದ ಬರೀಬೇಕಾಗ್ತದ, ಇನ್‌ಸ್ಟ್ರಕ್ಟರ್ ಎಲ್ಲಾರ ಮುಂದ ಕೇಳ್ತಾರ. ಬ್ಯಾಟರಿ ಇದ್ದಾಗಷ್ಟ ರೇಡಿಯೋ, ಅದನ್ನ ನಾಚಿಕಿಗೆ ಖರ್ಚು ಮಾಡ್ದೆ ನಾನು. ಕಡೀಕ ‘ಪ್ಯಾನ್ ಪ್ಯಾನ್’ (ತೊಂದ್ರಿ ಅದ, ಸಹಾಯ ಬೇಕು ಅನ್ನೋ ಕರೆ) ಮೂರ್ ಸಲ ಅಂದೆ. ಆ ಕಡಿಯವ್ರು ಯಾರೂ ನಗಲಿಲ್ಲ, ಎಲ್ಲಾರನ್ನೂ ಬಾಜು ಸರಿಸಿ ನನ್ನ ಮೊದ್ಲು ಇಳಿಸಿದ್ರು. ರೇಡಿಯೋ ಪೂರ್ತಿ ಸತ್ರ ಟ್ರಾನ್ಸ್‌ಪಾಂಡರ್‌ನಾಗ (ರೇಡಾರ್‌ಗೆ ವಿಮಾನದ ಗುರುತು ಕಳಿಸೋದು) 7600, ಅದು ಕೇಳಿರ್ತೀರಿ, ಟ್ರಾನ್ಸ್‌ಪಾಂಡರ್‌ಗೂ ಕರೆಂಟ್ ಬೇಕು ಅನ್ನೋದು ನನಗ ಅವತ್ತ ಹೊಳೀತು.

ಹುಡುಗಾ, ನಿನ್ನ ಥರದ್ದು ಆದ್ರ ರೇಡಾರ್ ಇರೋ ಕಡೆ ‘ಗೈರೋ ಇಲ್ಲ’ ಅಂತ ಹೇಳು. ಡಿಗ್ರಿ ಲೆಕ್ಕ ನಿನಗ ಕೊಡೂದಿಲ್ಲ, ‘ತಿರುಗು’ ಅಂತಾರ, ‘ನಿಲ್ಲಿಸು’ ಅಂತಾರ, ಅಷ್ಟ. ಆದ್ರ ನೀ ಹೇಳಿದ್ರ ಮಾತ್ರ ಅವ್ರಿಗೆ ಗೊತ್ತಾಗೂದು.

ಗದಗ_ಇನ್‌ಸ್ಟ್ರುಮೆಂಟ್‌ಕಾಕಾ · 8:30

ಟವರ್ ಮಾತು ಬಂತಲ್ಲ, ಅಲ್ಲೂ ಸಾಕ್ಷಿ ಯಾರ ಮನಿಯಾಂವ ನೋಡಬೇಕು. 1996 ಅಕ್ಟೋಬರ್‌ನಾಗ ಪೆರು ದೇಶದಾಗ ಏರೋಪೆರು 603 ಅಂತ, ವಿಮಾನ ತೊಳ್ಯಾಕ ಸ್ಟ್ಯಾಟಿಕ್ ತೂತಿಗೆ (ಹೊರಗಿನ ಗಾಳಿ ಒತ್ತಡ ತಗೊಳ್ಳೂದು) ಟೇಪ್ ಹಚ್ಚಿದಾವ್ರು ತಗ್ಯಾಕ ಮರತ್ರು. ರಾತ್ರಿ ಸಮುದ್ರದ ಮ್ಯಾಲ ಎತ್ತರ, ವೇಗ ಎಲ್ಲಾ ಹುಚ್ಚಾಪಟ್ಟಿ. ಪೈಲಟ್ ಟವರ್‌ಗೆ ನಮ್ಮ ಎತ್ತರ ಎಷ್ಟ ಅಂತ ಕೇಳ್ತಾರ, ಟವರ್‌ನವ್ರು ಸ್ಕ್ರೀನ್ ನೋಡಿ 9 ಸಾವಿರದ ಮ್ಯಾಲ ಅದೀರಿ ಅಂತಾರ. ಆ ಅಂಕಿ ಎಲ್ಲಿಂದ ಬಂತು? ಅದ ವಿಮಾನದ ಅದ ಮುಚ್ಚಿದ ತೂತಿನಿಂದ! ತಾ ಹೇಳಿದ ಸುಳ್ಳ ತನಗ ವಾಪಸ್ ಕೇಳ್ತು. ಖರೇ ಅಂದ್ರ ನೀರಿನ ಹತ್ರನ ಇದ್ರು. 70 ಮಂದಿ ಹ್ವಾದ್ರು.

ಅದ ವರ್ಷ ಫೆಬ್ರವರಿಯಾಗ ಬರ್ಗೆನೇರ್ 301, ಡೊಮಿನಿಕನ್ ರಿಪಬ್ಲಿಕ್ ಹತ್ರ, 189 ಮಂದಿ. ಪಿಟೋ ನಳಿಗಿ ಕಟ್ಟಿತ್ತು, ಕುಂಬಾರ ಹುಳ ಗೂಡು ಕಟ್ಟಿರಬೇಕು ಅಂತ ತನಿಖೆಯವ್ರ ಅಂದಾಜು. ನಮ್ಮ ಕಿಡಕಿ ಮೂಲ್ಯಾಗ, ಸ್ವಿಚ್ ಬೋರ್ಡಿನಾಗ ಮಣ್ಣ ಮೆತ್ತತೈತಲ್ಲ, ಅದ ಜಾತಿ ಹುಳ. ನಮ್ಮ ಕಡೆ ಆ ಹುಳಕ್ಕೇನ್ ಬರಗಾಲ? ನಳಿಗಿ ಪೂರ್ತಿ ಕಟ್ಟಿದ್ರ ಏರ್‌ಸ್ಪೀಡು ಆಲ್ಟಿಮೀಟರ್ ಇದ್ದಂಗ ಆಕೈತಿ, ಏರಿದಂಗ ಏರ್ತೈತಿ, ಪೈಲಟ್ಟಗ ವೇಗ ಜಾಸ್ತಿ ಆತು ಅನಿಸಿ ಮೂಗು ಎತ್ತತಾನ, ಸ್ಟಾಲ್, ಅಂದ್ರ ರೆಕ್ಕಿ ಎತ್ತೂ ಬಲ ಕಳಕೋತೈತಿ. ಸ್ಟ್ಯಾಟಿಕ್ ಕಟ್ಟಿದ್ರ ಆಲ್ಟಿಮೀಟರ್ ನಿಂತ ನೀರು, ವಿಎಸ್ಐ ಸೊನ್ನಿ. ಅದಕ್ಕ ಒಳಗ ಆಲ್ಟರ್ನೇಟ್ ಸ್ಟ್ಯಾಟಿಕ್ ಅಂತ ಒಂದು ಗುಬ್ಬಿ ಇರ್ತೈತಿ, ಎಳೀಬೇಕು, ಒಳಗಿನ ಗಾಳಿ ಒತ್ತಡ ಒಂದೀಟು ಕಡಿಮಿ ಅದಕ್ಕ ಎತ್ತರ ಒಂದೀಟು ಹೆಚ್ಚ ತೋರಸ್ತೈತಿ, ಅದನ್ನ ನೆನಪಿಟ್ರ ಸಾಕು. ಆ ಗುಬ್ಬಿ ಎಲ್ಲೈತಿ ಅಂತ ಕಣ್ಣು ಮುಚ್ಚಿ ಮುಟ್ಟಿ ತೋರ್ಸು ಅಂದ್ರ ಎಷ್ಟ ಹುಡುಗರು ತೋರಸ್ತಾರ?

ಗೋಕುಲರೋಡ್_ಹುಡುಗ · 8:41

ಕಾಕಾರ ನಾ ತೋರಸಂಗಿಲ್ಲ. ಸೋಮವಾರ ಹೋದ ಕೂಡ್ಲೆ ಅದ ಮೊದ್ಲು.

ದಿಕ್ಸೂಚಿ ಬಗ್ಗೆ ಕೇಳೂದಿತ್ತು, ಉತ್ತರದ ಕಡೆ ತಿರುಗುವಾಗ ಹಿಂದ ಬೀಳ್ತೈತಿ, ದಕ್ಷಿಣಕ್ಕ ಮುಂದ ಓಡ್ತೈತಿ, ಅದಕ್ಕ ಉತ್ತರಕ್ಕ 30 ಡಿಗ್ರಿ ಮೊದ್ಲ, ದಕ್ಷಿಣಕ್ಕ 30 ಡಿಗ್ರಿ ದಾಟಿ ನಿಲ್ಲಸ್ಬೇಕು ಅಂತ ಪುಸ್ತಕದಾಗ ಐತಿ, ನಾ ಮಾಡಿದ್ರ ಯಾವಾಗ್ಲೂ ತಪ್ಪತೈತಿ.

ಎಟಿಆರ್_ಅಕ್ಕ · 9:05

ಆ ಪುಸ್ತಕ ಬರದವ್ರ ಊರು ಯಾವ್ದು ನೋಡು! ಆ ಲೆಕ್ಕ ಅಕ್ಷಾಂಶದ ಮ್ಯಾಲೆ ಅದ. ಕಾಂತದ ಮುಳ್ಳು ಧ್ರುವದ ಕಡೆ ಹೋದಷ್ಟು ನೆಲಕ್ಕ ಬಾಗ್ತದ, ಆ ಬಾಗು ಇಂದನ ಈ ತಪ್ಪು ಹುಟ್ಟೋದು. ನಮ್ಮ ಹುಬ್ಬಳ್ಳಿ 15 ಡಿಗ್ರಿ ಉತ್ತರ, ಮತ್ತ ಕಾಂತದ ಸಮಭಾಜಕ (ಮುಳ್ಳು ಬಾಗದ ಗೆರಿ) ನಮ್ಮ ದೇಶದ ದಕ್ಷಿಣ ತುದಿ ಹತ್ರನ ಹಾಯ್ತದ, 1963ರಾಗ ಮೊದಲ ರಾಕೆಟ್ ಹಾರಸ್ಲಿಕ್ಕೆ ಕೇರಳದ ತುಂಬಾ ಆರಿಸಿದ್ದಕ್ಕ ಅದೂ ಒಂದು ಕಾರಣ. ಅಂದ್ರ ನಮ್ಮ ಕಡೆ ಮುಳ್ಳು ಬಾಗೋದು ಕಡಿಮಿ, ತಪ್ಪೂ ಕಡಿಮಿ. ಅಲ್ಲಿಯ 30 ಇಲ್ಲಿ ಹಾಕಿದ್ರ ತಪ್ಪೂದ.

ಅದಕ್ಕಿಂತ ಗಡಿಯಾರ ನಂಬು. ಟರ್ನ್ ಕೋಆರ್ಡಿನೇಟರ್ ಗೆರಿಗೆ ರೆಕ್ಕಿ ಕೂಡಿಸಿದ್ರ ಸೆಕೆಂಡಿಗೆ 3 ಡಿಗ್ರಿ. 90 ಡಿಗ್ರಿ ಬೇಕಂದ್ರ 30 ಸೆಕೆಂಡ್ ಎಣಿಸು, ರೆಕ್ಕಿ ನೆಟ್ಟಗ ಮಾಡು, ಮುಳ್ಳು ನಿಂತ ಮ್ಯಾಲೆ ನೋಡು. ಮತ್ತ ಕೆಟ್ಟ ಮೀಟರ್ ಮುಚ್ಚು, ಬರೇ ‘ನೋಡಂಗಿಲ್ಲ’ ಅಂತ ಅನ್ಕೊಂಡ್ರ ಆಗೂದಿಲ್ಲ, ಕಣ್ಣು ಹೋಗೇ ಹೋಗ್ತದ. ನಾ ಸ್ಟಿಕ್ಕರ್ ಚೀಟಿ ಇಟ್ಗೋತಿದ್ದೆ ಕಿಸೇದಾಗ.

ಹಾವೇರಿ_ಗೌಂಡಿ · 9:12

ಸಿದ್ಧಾರೂಢ ಮಠದ ವಿಭೂತಿ ಬಡಕೊಳ್ರಿ ಗ್ಲಾಸಿಗೆ, ಮುಚ್ಚಿದಂಗೂ ಆತು ಕಾಯ್ದಂಗೂ ಆತು.

ಸಪ್ತಾಪುರ_ಸಿಮ್ · ಭಾನುವಾರ ಸಂಜೆ 7:30

ಇವತ್ತು ಗೋಕುಲರೋಡ್ ಅಣ್ಣ ನಮ್ಮ ರೂಮಿಗೆ ಬಂದಿದ್ರು, ಶೇಂಗಾ ಉಂಡಿ ಸಮೇತ. ಎಕ್ಸ್-ಪ್ಲೇನ್ ಅನ್ನೋ ಕಂಪ್ಯೂಟರ್ ಸಿಮ್ಯುಲೇಟರ್‌ನಾಗ ವ್ಯಾಕ್ಯೂಮ್ ಕೆಡಿಸಿ ನೋಡಿದ್ವಿ. ಮೊದ್ಲು ಹೇಳಿ ಕೆಡಿಸ್ದೆ, ಅಣ್ಣ ಆರಾಮ್ ಹಿಡದ್ರು. ಆಮ್ಯಾಲೆ ಹೇಳದ ಅರ್ಧ ತಾಸಿನಾಗ ಯಾವಾಗರ ಕೆಡೂ ಹಂಗ ಇಟ್ಟು ಗಿರ್ಮಿಟ್ ತಿನ್ನಕೋತ ಮಾತಾಡಸ್ಲಿಕತ್ತೆ. ಮಾತಿನಾಗ ಸಿಕ್ಕಿಬಿಟ್ರು, ಮತ್ತ ಎಡಕ್ಕ ಹೊಂಟ್ರು! ಆದ್ರ ಈ ಸಲ ಎಳೀಲಿಲ್ಲ. ‘ಅಣ್ಣ ತಮ್ಮ, ಅಣ್ಣ ತಮ್ಮ’ ಅಂತ ಗುಣಗುಣಸ್ಕೋತ ಟರ್ನ್ ಕೋಆರ್ಡಿನೇಟರ್ ನೋಡಿ ನೆಟ್ಟಗ ಮಾಡಿದ್ರು. ನನ್ನ ರೂಮ್‌ಮೇಟ್‌ಗೆ ಏನಾತು ಅಂತ ತಿಳೀಲಿಲ್ಲ, ಯಾವ ಅಣ್ಣ ಯಾವ ತಮ್ಮ ಅಂತ ಕೇಳ್ಲಿಕತ್ತಾನ.

ಗೋಕುಲರೋಡ್_ಹುಡುಗ · 8:15

200 ಅಡಿ ಕಳಕೊಂಡ್ನಿ, ಹೋದ ವಾರ 600. ಗಡಿಯಾರ ಹಿಡದು ತಿರುಗಿದ್ದು 10-12 ಡಿಗ್ರಿ ತಪ್ಪಾತು, ಅದು ಎಣಿಸೂವಾಗ ಉಂಡಿ ಬಾಯಾಗಿತ್ತು ಅದಕ್ಕ.

ನಾಳೆ ಬೆಳಿಗ್ಗೆ ಹೊಂಟೇನಿ. ಕಾಕಾರ, ಒಂದು ಕೇಳೂದು, ನಮ್ಮ ವಿಮಾನದ ಪಿಟೋ ಕವರಿನ ಕೆಂಪು ಪಟ್ಟಿ ಹರದು ಹೋಗ್ಯಾವ, ಬರೇ ಕವರ್ ಉಳದಾವ. ಹುಬ್ಬಳ್ಯಾಗ ಅಂಥಾದ್ದು ಎಲ್ಲರ ಸಿಗ್ತೈತೇನು?

ಗದಗ_ಇನ್‌ಸ್ಟ್ರುಮೆಂಟ್‌ಕಾಕಾ · 8:33

ಮೊದ್ಲು ನಿಮ್ಮ ಮೆಂಟೆನೆನ್ಸ್‌ನವ್ರಿಗೆ ಹೇಳು, ನಿನ್ನಷ್ಟಕ್ಕ ನೀನ ಏನೂ ಕಟ್ಟಬ್ಯಾಡ. ಅವ್ರು ಹೂಂ ಅಂದ್ರ ದುರ್ಗದಬೈಲ್‌ನಾಗ ಗಟ್ಟಿ ಕೆಂಪು ಬಟ್ಟಿ ತಗೊ, ಎರಡು ಗೇಣು ಉದ್ದ ಇರ್ಲಿ, ದೂರದಿಂದ ಕಾಣಬೇಕು. ಪಟ್ಟಿ ಇಲ್ಲದ ಕವರ್ ಹುಳಕ್ಕಿಂತ ಕೆಟ್ಟದ್ದು, ಹಾಕಿದ್ದು ಕಾಣಂಗಿಲ್ಲ, ಹಂಗ ಹಾರ್ತೀರಿ. ಹೊಲ್ಯಾಕ ಮಾತ್ರ ಗಟ್ಟಿ ದಾರ ಬೇಕು, ಅಂಗಿ ಹೊಲಿಯೂ ದಾರ ಬಿಸಿಲಿಗೆ ತಿಂಗಳಿಗೆ ಪುಡಿ ಆಕೈತಿ.

ಹಾವೇರಿ_ಗೌಂಡಿ · 8:36

ಗುಂಡು ಬ್ಯಾಡ ಅಂದ್ರಿ, ದಾರ ಆದ್ರೂ ನಂದ ಒಯ್ರಿ. ನೈಲಾನ್ ಐತಿ, ಮೂರು ಮಳಿಗಾಲ ಕಂಡೈತಿ. ನಾಳೆ ಮುಂಜಾನೆ ಹುಬ್ಬಳ್ಳಿಗೆ ಸಿಮೆಂಟ್ ತರಾಕ ಬರಾಕತ್ತೇನಿ, ಹಳೇ ಬಸ್ ಸ್ಟ್ಯಾಂಡಿನಾಗ 7ಕ್ಕ ನಿಂದರ್ತೇನಿ, ಉಂಡಿ ಉಳದಿದ್ರ ಎರಡು ತರ್ರಿ.